ಓಟದ ಗುರಿ ಮಸೀದಿಯಾಗಿತ್ತು

2025ರ ಮಾರ್ಚ್ 4ರಂದು ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿಯ ಸೆಮಿಫೈನಲ್ ಪಂದ್ಯ ನಡೆಯುತ್ತಿತ್ತು. ಅದು ರಮಝಾನ್ ತಿಂಗಳು. ಆಸ್ಟ್ರೇಲಿಯದ ವಿರುದ್ಧ ಬೌಲಿಂಗ್ ಮಾಡುತ್ತಿದ್ದ ಮುಹಮ್ಮದ್ ಶಮಿ ನಡುವೆ ಪಾನೀಯ ಕುಡಿದರು. ಆ ಚಿತ್ರ ದೇಶದಾದ್ಯಂತ ಹರಡಿತು. ಬರೇಲಿಯ ಮೌಲಾನಾ ಒಬ್ಬರು ಅವರನ್ನು ಶರೀಅತ್‌ನ ದೃಷ್ಟಿಯಲ್ಲಿ ಅಪರಾಧಿಯೆಂದು ಸಾರಿಬಿಟ್ಟರು. ಅದಕ್ಕೂ ಮೊದಲು, 2021ರ ಅಕ್ಟೋಬರ್ 24ರಂದು, ಅದೇ ದುಬೈ ಮೈದಾನದಲ್ಲಿ ಭಾರತವು ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಾಗ, ಇದೇ ಶಮಿಯನ್ನು ದೇಶದ್ರೋಹಿಯೆಂದು ಸಾಮಾಜಿಕ ಜಾಲತಾಣಗಳಲ್ಲಿ ಜರೆಯಲಾಗಿತ್ತು. ಹನ್ನೊಂದು ಮಂದಿ ಸೋತಿದ್ದರು. ಕಟಕಟೆಗೆ ಏರಿದ್ದು ಮಾತ್ರ ಒಬ್ಬರ ಹೆಸರು. ಅಂದಿನ ನಾಯಕ ವಿರಾಟ್ ಕೊಹ್ಲಿ ಈ ಧರ್ಮಾಧಾರಿತ ದಾಳಿಯನ್ನು ಬಹಿರಂಗವಾಗಿ ಖಂಡಿಸಿದ್ದರು.

ಮೈದಾನವೂ ಅದೇ, ಆಟಗಾರನೂ ಆತನೇ. ಒಮ್ಮೆ ಆತನ ದೇಶಪ್ರೇಮದ ಪರೀಕ್ಷೆ, ಇನ್ನೊಮ್ಮೆ ಆತನ ಈಮಾನ್‌ನ ಪರೀಕ್ಷೆ. ಮೊದಲನೆಯ ಅನ್ಯಾಯವನ್ನು ಖಂಡಿಸಿದ ನಾವು ಎರಡನೆಯದರ ಬಗ್ಗೆ ಮೌನವಾಗಿರುವುದು ಸರಿಯೇ?

ವಾಸ್ತವದಲ್ಲಿ ಈ ವಿಷಯದಲ್ಲಿ ಗೊಂದಲಕ್ಕೆ ಆಸ್ಪದವೇ ಇಲ್ಲ. ರೋಗಿಗೂ ಪ್ರಯಾಣಿಕನಿಗೂ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ಅವಕಾಶವನ್ನು ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯವೇ ನೀಡಿದೆ. ಅನೇಕ ಉಲೆಮಾಗಳು ಅಂದೇ ಇದನ್ನು ನೆನಪಿಸಿದರು. 2012ರ ಜುಲೈಯಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ದಕ್ಷಿಣ ಆಫ್ರಿಕದ ಹಾಶಿಮ್ ಆಮ್ಲಾ ಔಟಾಗದೆ 311 ರನ್ ಗಳಿಸಿದಾಗಲೂ ರಮಝಾನ್ ಆರಂಭವಾಗಿತ್ತು. ತಾನು ಪ್ರಯಾಣದಲ್ಲಿರುವುದರಿಂದ ಉಪವಾಸವನ್ನು ಬಳಿಕ ಪೂರೈಸುವುದಾಗಿ ಅವರು ಸರಳವಾಗಿ ಹೇಳಿದರು. ಇದೇ ಆಮ್ಲಾ ಮದ್ಯದ ಕಂಪೆನಿಯ ಲಾಂಛನವನ್ನು ತನ್ನ ಅಂಗಿಯ ಮೇಲೆ ಧರಿಸಲು ಒಪ್ಪದ ವ್ಯಕ್ತಿ. ಧರ್ಮ ರಿಯಾಯಿತಿ ನೀಡಿದ ಕಡೆ ಅವರು ಅದನ್ನು ಸ್ವೀಕರಿಸಿದರು, ಧರ್ಮ ಗೆರೆ ಎಳೆದ ಕಡೆ ನಿಂತರು. ನಮ್ಮ ಯುವಕರಿಗೆ ಬೇಕಾದ ಧರ್ಮಪ್ರಜ್ಞೆ ಇದು. ಹಾಗಂತ, ತನ್ನ ಊರಿನಲ್ಲೇ ಟೆನಿಸ್ ಬಾಲ್ ಕ್ರಿಕೆಟ್ ಆಡುವವನು ಪ್ರಯಾಣಿಕನ ರಿಯಾಯಿತಿಯನ್ನು ತನಗೆ ಅನ್ವಯಿಸಿಕೊಳ್ಳುವಂತಿಲ್ಲ ಎಂಬುದನ್ನೂ ಹೇಳಲೇಬೇಕು.

ಈ ದೂರದ ವಿವಾದವನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ, ಸಂಡೂರು ತಾಲೂಕಿನ ತೋರಣಗಲ್ಲಿನ ಬಳಿ, 2018ರಿಂದ ದೇಶದ ಪ್ರಮುಖ ಖಾಸಗಿ ಕ್ರೀಡಾ ತರಬೇತಿ ಸಂಸ್ಥೆಯೊಂದು ಕಾರ್ಯಾಚರಿಸುತ್ತಿದೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗಳಲ್ಲಿ ದೇಶದ ನಾನಾ ಮೂಲೆಗಳ ಮಕ್ಕಳು ಅಲ್ಲಿ ಪಳಗುತ್ತಿದ್ದಾರೆ. ಒಲಿಂಪಿಕ್ ಚಿನ್ನ ಗೆದ್ದ ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಪಡೆದವರು. ಆದರೆ ಹೊಸಪೇಟೆ, ಕಂಪ್ಲಿ, ಸಂಡೂರುಗಳ ನಮ್ಮ ಎಷ್ಟು ಮನೆಗಳಲ್ಲಿ ಈ ಸಂಸ್ಥೆಯ ಮಾತು ಬಂದಿದೆ? ನಮ್ಮ ಎಷ್ಟು ಮಸೀದಿ ಸಮಿತಿಗಳು ಮೊಹಲ್ಲಾದ ಪ್ರತಿಭಾವಂತ ಮಗುವಿನ ಹೆತ್ತವರನ್ನು ಕರೆದು ಇದರ ಬಗ್ಗೆ ವಿಚಾರಿಸಿವೆ?

ನಿಜವಾಗಿ ಈ ನೆಲಕ್ಕೆ ದೇಹಸಾಮರ್ಥ್ಯದ ಆರಾಧನೆ ಹೊಸತಲ್ಲ, ಮುಸ್ಲಿಮರೂ ಹೊಸಬರಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಇಂದಿಗೂ ಕುಸ್ತಿಪಟುಗಳು ಸೆಣಸುತ್ತಿದ್ದಾರೆ. ಕೃಷ್ಣದೇವರಾಯನು ಮುಂಜಾನೆ ಎಳ್ಳೆಣ್ಣೆ ಕುಡಿದು, ಭಾರ ಎತ್ತಿ, ಜಟ್ಟಿಯೊಂದಿಗೆ ಕುಸ್ತಿಯಾಡಿ, ಕುದುರೆ ಸವಾರಿ ಮಾಡುತ್ತಿದ್ದನೆಂದು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ದಾಖಲಿಸಿದ್ದಾನೆ. ಅದೇ ರಾಜಧಾನಿಯಲ್ಲಿ, ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ನಮ್ಮ ಗರಡಿ ಮನೆಗಳ ಭಾಷೆಯನ್ನೇ ಆಲಿಸಿರಿ: ಕುಸ್ತಿ, ಪೈಲ್ವಾನ್, ಉಸ್ತಾದ್, ತಾಲೀಮು. ಕನ್ನಡದ ಹಳ್ಳಿಯ ಹುಡುಗನೂ ಸಲೀಸಾಗಿ ಆಡುವ ಈ ಪದಗಳು ಪಾರ್ಸಿ, ಅರಬಿಗಳಿಂದ ಬಂದವು. ಗರಡಿಯಲ್ಲಿ ಹನುಮನ ಮೂರ್ತಿಯಿರುತ್ತದೆ. ಮುಸ್ಲಿಮನು ಅದಕ್ಕೆ ತಲೆಬಾಗಲಾರ. ಆದರೆ ಕೆಂಪು ಮಣ್ಣಿಗಿಳಿದು ಎದುರಾಳಿಯ ಕೈ ಹಿಡಿಯಲು ಅದು ಎಂದೂ ಅಡ್ಡಿಯಾಗಿಲ್ಲ. ಪರಸ್ಪರರ ವಿಶ್ವಾಸವನ್ನು ಗೌರವಿಸುತ್ತಾ ಒಂದೇ ಅಖಾಡದಲ್ಲಿ ಬೆವರು ಸುರಿಸಲು ನಮ್ಮ ಹಿರಿಯರು ಕಲಿತಿದ್ದರು.

ಹಾಗಿದ್ದರೂ ನಮ್ಮ ಮನೆಗಳಲ್ಲಿ ಆಟವೆಂದರೆ ಕಾಲಹರಣ ಎಂಬ ಭಾವನೆ ಬೇರೂರಿದೆ. ಇದಕ್ಕೆ ಧರ್ಮದ ಹೆಸರನ್ನೂ ಬಳಸಲಾಗುತ್ತದೆ. ಆದರೆ ಪ್ರವಾದಿವರ್ಯರ(ಸ) ಜೀವನ ಏನು ಹೇಳುತ್ತದೆ? ದುರ್ಬಲ ವಿಶ್ವಾಸಿಗಿಂತ ಬಲಿಷ್ಠ ವಿಶ್ವಾಸಿಯು ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದು ಅವರು ಕಲಿಸಿದರು. ಪತ್ನಿ ಹಝ್ರತ್ ಆಯಿಶಾರೊಂದಿಗೆ(ರ) ಓಟದ ಪಂದ್ಯ ಆಡಿದರು. ಅಬಿಸೀನಿಯದವರು ಮಸೀದಿಯಲ್ಲಿ ಭರ್ಚಿಯಾಟ ಆಡುವಾಗ ಆಯಿಶಾರು(ರ) ನೋಡುವಂತೆ ತಾವೇ ಮರೆಯಾಗಿ ನಿಂತರು. ಅವರು ಏರ್ಪಡಿಸಿದ ಕುದುರೆ ಓಟವೊಂದರ ವರದಿ ಸಹೀಹ್ ಬುಖಾರಿಯಲ್ಲಿದೆ. ತರುಣರಾಗಿದ್ದ ಅಬ್ದುಲ್ಲಾ ಬಿನ್ ಉಮರ್(ರ) ಅದರಲ್ಲಿ ಸ್ಪರ್ಧಿಸಿದ್ದರು. ಗಮನಿಸಬೇಕಾದ ಅಂಶವೇನೆಂದರೆ, ಪಳಗಿಸದ ಕುದುರೆಗಳ ಆ ಓಟದ ಗುರಿ ಬನೂ ಝುರೈಕ್ ಮಸೀದಿಯಾಗಿತ್ತು. ಮಸೀದಿಯ ಕಡೆಗೇ ಓಡಿದ ಈ ಪರಂಪರೆಯ ವಾರಸುದಾರರು ಇಂದು ಮಸೀದಿಗೂ ಮೈದಾನಕ್ಕೂ ಮಧ್ಯೆ ಗೋಡೆ ಕಟ್ಟಿಕೊಂಡಿದ್ದೇವೆ.

ಈ ಗೋಡೆಯ ಪೂರ್ತಿ ಭಾರ ಬೀಳುವುದು ಹೆಣ್ಣುಮಕ್ಕಳ ಮೇಲೆ. ಏಳನೆಯ ತರಗತಿಯವರೆಗೆ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಖೋ ಖೋ ಆಡಿದ ಹುಡುಗಿ, ಹೈಸ್ಕೂಲಿಗೆ ಬರುತ್ತಲೇ ತಂಡದಿಂದ ಮಾಯವಾಗುವುದನ್ನು ನಾವು ಕಂಡಿದ್ದೇವೆ. 'ಇನ್ನು ಸಾಕು ಮಗಳೇ' ಎಂಬ ಅಬ್ಬಾನ ಒಂದೇ ಮಾತಿಗೆ ಆಕೆಯ ಓಟ ಮುಗಿಯುತ್ತದೆ. ಅಬ್ಬಾನ ಆತಂಕ ಸುಳ್ಳಲ್ಲ. ಉಡುಪಿನ ಪ್ರಶ್ನೆಯಿದೆ, ಸುರಕ್ಷಿತ ಪ್ರಯಾಣದ ಪ್ರಶ್ನೆಯಿದೆ, ಮಹಿಳಾ ತರಬೇತುದಾರರಿಲ್ಲದ ಕೊರತೆಯಿದೆ. ಆದರೆ ಆತಂಕಕ್ಕೆ ಉತ್ತರ ವ್ಯವಸ್ಥೆಯೇ ಹೊರತು ನಿಷೇಧವಲ್ಲ. ನೆರೆಯ ತೆಲಂಗಾಣದ ನಿಝಾಮಾಬಾದಿನ ನಿಖತ್ ಝರೀನ್ 2022 ಮತ್ತು 2023ರಲ್ಲಿ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್ ಆದರು. ಜನರ ಕೊಂಕುನುಡಿಗಳಿಗೆ ಜಗ್ಗದ ತಂದೆಯೊಬ್ಬರು ಆಕೆಯ ಹಿಂದೆ ನಿಂತಿದ್ದರು.

ತಲೆವಸ್ತ್ರ ಧರಿಸಿಯೇ ಆಡಬಯಸುವವರಿಗೂ ಜಗತ್ತು ದಾರಿ ತೆರೆಯುತ್ತಿದೆ. ತಲೆವಸ್ತ್ರದ ಕಾರಣಕ್ಕೆ 2011ರಲ್ಲಿ ಇರಾನಿನ ಮಹಿಳಾ ಫುಟ್ಬಾಲ್ ತಂಡವನ್ನು ಒಲಿಂಪಿಕ್ ಅರ್ಹತಾ ಪಂದ್ಯದಿಂದ ಹೊರಗಿಡಲಾಗಿತ್ತು. 2014ರಲ್ಲಿ ಅದಕ್ಕೆ ವಿಧ್ಯುಕ್ತ ಅನುಮತಿ ದೊರೆಯಿತು. 2023ರ ವಿಶ್ವಕಪ್‌ನಲ್ಲಿ ಮೊರೊಕ್ಕೊದ ನುಹೈಲಾ ಬೆನ್‌ಝೀನಾ ಹಿಜಾಬ್ ಧರಿಸಿ ಆಡಿದರು. ವಿಪರ್ಯಾಸವೆಂದರೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಫ್ರಾನ್ಸ್ ತನ್ನದೇ ಕ್ರೀಡಾಪಟುಗಳಿಗೆ ಈ ಹಕ್ಕನ್ನು ನಿರಾಕರಿಸಿತು. 'ಬಟ್ಟೆ ತೆಗೆದು ಬಾ' ಎನ್ನುವ ಪ್ರಭುತ್ವವೂ 'ಬಟ್ಟೆ ತೊಟ್ಟರೂ ಹೋಗಬೇಡ' ಎನ್ನುವ ಮನೆಯೂ ಕೊನೆಗೆ ಮಾಡುವುದು ಒಂದೇ: ಹುಡುಗಿಯನ್ನು ಮೈದಾನದಿಂದ ಹೊರಗಿಡುವುದು. 2022ರ ಹಿಜಾಬ್ ವಿವಾದದ ನೋವುಂಡ ಕರ್ನಾಟಕದ ಮುಸ್ಲಿಮರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಗಂಡುಮಕ್ಕಳ ವಿಷಯ. ಅವರನ್ನು ಯಾರೂ ತಡೆಯುವುದಿಲ್ಲ, ಯಾರೂ ಗಮನಿಸುವುದೂ ಇಲ್ಲ. ತಡರಾತ್ರಿಯ ಟೂರ್ನಮೆಂಟ್ ಮುಗಿಸಿ ಮಲಗಿದವನಿಗೆ ಫಜ್ರ್ ನಮಾಝ್ ತಪ್ಪುತ್ತದೆ. ಪಂದ್ಯದ ಬದಿಯಲ್ಲೇ ಬಾಜಿ ಹುಟ್ಟಿಕೊಳ್ಳುತ್ತದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನಿನ ಮೂಲಕ ನಿಷೇಧಿಸಿತು; ಆದರೆ ಜೂಜನ್ನು ಹರಾಮ್ ಎಂದು ಹದಿನಾಲ್ಕು ಶತಮಾನಗಳ ಹಿಂದೆಯೇ ಅರಿತ ಸಮುದಾಯಕ್ಕೆ ಆ ಕಾನೂನಿಗಾಗಿ ಕಾಯುವ ಅಗತ್ಯವಿರಲಿಲ್ಲ. ಸೋಲನ್ನು ಸಹಿಸುವ ಶಿಕ್ಷಣವೂ ನಮಗೆ ಬೇಕಾಗಿದೆ. ಪ್ರವಾದಿಯವರ(ಸ) ಅಲ್ ಅಝ್ಬಾ ಎಂಬ ಒಂಟೆಯನ್ನು ಹಳ್ಳಿಗನೊಬ್ಬನ ಒಂಟೆ ಹಿಂದಿಕ್ಕಿದಾಗ ಅನುಯಾಯಿಗಳು ನೊಂದುಕೊಂಡರು. ಈ ಲೋಕದಲ್ಲಿ ಏರಿದ್ದೆಲ್ಲವನ್ನೂ ಅಲ್ಲಾಹನು ಇಳಿಸಿಯೇ ತೀರುತ್ತಾನೆಂದು ಪ್ರವಾದಿಯವರು(ಸ) ಅವರನ್ನು ಸಂತೈಸಿದರು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಖತೀಬರು ಜುಮಾದ ಖುತ್ಬಾದಲ್ಲಿ ಆರೋಗ್ಯ ಮತ್ತು ಕ್ರೀಡೆಯ ಬಗ್ಗೆ ಮಾತನಾಡಲಿ. ಮಸೀದಿ ಸಮಿತಿಗಳು ಫಜ್ರ್‌ನ ಬಳಿಕ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುವ ಹೊಣೆ ಹೊರಲಿ. ಹೆತ್ತವರು ಮಗಳನ್ನು ತಡೆಯುವ ಬದಲು ಆಕೆಯ ಜೊತೆಗೆ ಹೋಗಲಿ. ಶಾಲೆಗಳು ಪೂರ್ಣ ಉಡುಪಿಗೆ ಅವಕಾಶ ನೀಡಲಿ, ಶುಕ್ರವಾರ ಮಧ್ಯಾಹ್ನದ ಪಂದ್ಯವನ್ನು ಒಂದು ಗಂಟೆ ಮುಂದೂಡಲಿ. ಇದು ಅತಿಯಾದ ಬೇಡಿಕೆಯಲ್ಲ. 2021ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಪಂದ್ಯವೊಂದನ್ನು, ಇಬ್ಬರು ಆಟಗಾರರು ಉಪವಾಸ ಬಿಡಲೆಂದು, ಕೆಲವು ಕ್ಷಣ ನಿಲ್ಲಿಸಲಾಗಿತ್ತು. ಆಟ ಕೆಡಲಿಲ್ಲ.

ಮುಂದಿನ ಹೋಬಳಿ ಕ್ರೀಡಾಕೂಟದ ಪಟ್ಟಿಯಲ್ಲಿ ನಮ್ಮ ಮಗಳ ಹೆಸರು ಇರುತ್ತದೆಯೇ? ಉತ್ತರಿಸಬೇಕಾದವರು ಸರಕಾರವಲ್ಲ, ನಾವು.