ಕಡಲಿಗೆ 61 ದಿನ ರಜೆ, ಹೊಳೆ ಮೀನಿಗೆ ರಜೆ ಯಾವಾಗ?

ಉಡುಪಿ: ಜೂನ್ 1 ಬಂತೆಂದರೆ ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಲಂಗರು ಹಾಕುತ್ತವೆ. ಜುಲೈ 31ರ ತನಕ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. 10 ಅಶ್ವಶಕ್ತಿಯೊಳಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಯಾಕೆ ಎಂದು ಕರಾವಳಿಯಲ್ಲಿ ಯಾರೂ ಕೇಳುವುದಿಲ್ಲ. ಮೀನು ಮೊಟ್ಟೆ ಇಡುವ ಹೊತ್ತು ಅದು, ಆಗ ಬಲೆ ಹಾಕಿದರೆ ಮುಂದಿನ ವರ್ಷ ಹಿಡಿಯಲಿಕ್ಕೆ ಏನೂ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಸರಿಯಾಗಿ ಅದೇ ಹೊತ್ತಿಗೆ ಕಾರ್ಕಳದ ಗದ್ದೆ ಪುಣಿಗಳಲ್ಲಿ, ಹಿರಿಯಡಕದ ತೋಡುಗಳಲ್ಲಿ, ಕಾಪು ಕಡೆಯ ಬೈಲುಗಳಲ್ಲಿ ರಾತ್ರಿ ಟಾರ್ಚು ಉರಿಯತೊಡಗುತ್ತದೆ. ಮೊದಲ ಜೋರು ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ಏರಿ ಬರುತ್ತದೆ. ತುಳುವರು ಉಬರ್ ಎನ್ನುವುದು ಇದನ್ನೇ. ಘಟ್ಟದ ಮೇಲಿನವರಿಗೆ ಇದು ಹತ್ತುಮೀನು. ಕಡಲ ಮೀನಿಗೆ ಸರಕಾರ ರಜೆ ಕೊಟ್ಟಿರುವ ದಿನಗಳಲ್ಲೇ ಹೊಳೆ ಮೀನಿನ ಮೇಲೆ ಇಡೀ ಊರು ಮುಗಿಬೀಳುತ್ತದೆ. "ಮೊದಲಿನ ಹಾಗೆ ಮೀನೇ ಇಲ್ಲ ಮಾರಾಯ್ರೆ" ಎಂಬ ಮಾತು ಪ್ರತಿ ಮಳೆಗಾಲವೂ ಕೇಳುತ್ತದೆ. ಆ ಮಾತಿಗೂ ಈ ಬೇಟೆಗೂ ಎಷ್ಟು ನಂಟು, ಉಳಿದ ಪಾಲು ಯಾರದ್ದು?

ಗದ್ದೆಗೆ ಬರುವುದು ಯಾಕೆ?

ಹೊಳೆಯಲ್ಲಿ ಮಳೆಗಾಲದ ಸೆಳೆತ ಜೋರು. ಮೊಟ್ಟೆ, ಮರಿ ಅಲ್ಲಿ ನಿಲ್ಲುವುದಿಲ್ಲ. ಗದ್ದೆಯಲ್ಲಿ ನೀರು ತೆಳು, ಬೆಚ್ಚಗೆ, ಹುಲ್ಲಿನ ಮರೆ, ಸಣ್ಣ ಹುಳಹುಪ್ಪಟೆ ಬೇಕಾದಷ್ಟು. ಮರಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಹಾಗಾಗಿ ಉಬರ್ ಏರುವ ಮೀನಿನಲ್ಲಿ ದೊಡ್ಡ ಪಾಲು ಹೊಟ್ಟೆ ತುಂಬ ಮೊಟ್ಟೆ ಹೊತ್ತ ಹೆಣ್ಣು. ಒಂದೊಂದರ ಹೊಟ್ಟೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ. ಪುಣಿಯ ಮೇಲೆ ಒಂದು ಮೀನು ಕತ್ತಿಗೆ ಸಿಕ್ಕಿತೆಂದರೆ ಒಂದು ಊಟಕ್ಕೆ ಒಂದು ಸಂತತಿಯೇ ಹೋಯಿತು.

ಮುಗುಡಿಗೆ ಗಾಳಿಯಿಂದಲೇ ಉಸಿರಾಡುವ ಶಕ್ತಿ ಇದೆ, ಹಾಗಾಗಿ ಅಂಗುಲ ನೀರಿನಲ್ಲೂ ತೆವಳಿ ಗದ್ದೆ ಸೇರುತ್ತದೆ. ಹಾವಿನಂಥ ತಲೆಯ ಮರಲ್ ಜಾತಿಯ ಮೀನು ಇನ್ನೂ ಒಂದು ಹೆಜ್ಜೆ ಮುಂದೆ. ಮೊಟ್ಟೆ ಇಟ್ಟ ಮೇಲೆ ತಂದೆತಾಯಿ ಮೀನುಗಳು ಕೆಂಪು ಮರಿಗಳ ಹಿಂಡನ್ನು ಕಾಯುತ್ತವೆ. ಕಾವಲಿಗೆ ನಿಂತ ದೊಡ್ಡ ಮೀನು ಜಾಗ ಬಿಟ್ಟು ಹೋಗದ ಕಾರಣ ಹಿಡಿಯುವುದು ಸಲೀಸು. ಅದನ್ನು ಹಿಡಿದ ಮೇಲೆ ಮರಿಗಳನ್ನು ಕಾಯುವವರಿಲ್ಲ, ಬೇರೆ ಮೀನು, ಹಕ್ಕಿ, ಕಪ್ಪೆಗಳಿಗೆ ಅವೇ ಊಟ.

"ಅಜ್ಜನ ಕಾಲದಿಂದ ಹಿಡಿದದ್ದೇ ಅಲ್ವಾ?"

ಉಬರ್ ಬಗ್ಗೆ ಯಾರಾದರೂ ಬೇಡ ಎಂದರೆ ಮೊದಲು ಬರುವ ಉತ್ತರ ಇದು. ಈ ಮಾತಿನಲ್ಲಿ ಸತ್ಯ ಇದೆ. ಅಜ್ಜನ ಕಾಲದಲ್ಲೂ ಹಿಡಿಯುತ್ತಿದ್ದರು. ಕಡಲಿಗೆ ಇಳಿಯಲಾಗದ ತಿಂಗಳುಗಳಲ್ಲಿ ಒಳನಾಡಿನ ಮನೆಗಳಿಗೆ ಸಿಗುತ್ತಿದ್ದ ಹಸಿ ಮೀನು ಅದೊಂದೇ. ಉಳಿದಂತೆ ಒಣಮೀನು, ಹಪ್ಪಳ, ಉಪ್ಪಿನಕಾಯಿ.

ಆದರೆ ಬದಲಾದದ್ದು ಮೂರು. ಒಂದು, ಸಲಕರಣೆ. ಬಿದಿರಿನ ಕೂರಿ, ಕೈ, ಕತ್ತಿ ಇದ್ದ ಕಡೆ ಈಗ ತಲೆಗೆ ಕಟ್ಟುವ ಎಲ್‌ಇಡಿ ಲೈಟು, ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆ, ಕೆಲವು ಕಡೆ ಬ್ಯಾಟರಿಯಿಂದ ಕರೆಂಟು. ಎರಡು, ಉದ್ದೇಶ. ಮನೆಯ ಒಂದು ಹೊತ್ತಿನ ಸಾರಿಗೆ ಹಿಡಿಯುತ್ತಿದ್ದದ್ದು ಈಗ ಮಾರಾಟಕ್ಕೆ, ಪಾರ್ಟಿಗೆ, ಮೊಬೈಲಿನಲ್ಲಿ ತೋರಿಸುವ ವಿಡಿಯೋಗೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಗದ್ದೆಯೇ ಕಡಿಮೆಯಾಗಿದೆ.

ತಪ್ಪು ಉಬರ್‌ನದ್ದು ಮಾತ್ರವಾ?

ಎಲ್ಲವನ್ನೂ ಟಾರ್ಚು ಹಿಡಿದವನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಮಣಿಪಾಲ, ಉಡುಪಿ, ಕಾಪು ಹೆದ್ದಾರಿ ಬದಿಯಲ್ಲಿ ಎಷ್ಟೋ ಬೈಲುಗಳಿಗೆ ಮಣ್ಣು ತುಂಬಿ ಸೈಟು ಮಾಡಿ ಆಗಿದೆ. ಬೇಸಾಯ ಬಿಟ್ಟ ಗದ್ದೆಗಳು ಹಡಿಲು ಬಿದ್ದಿವೆ. ತೋಡು ಒತ್ತುವರಿಯಾಗಿ ಮೋರಿಯೊಳಗೆ ಸೇರಿದೆ. ಮೀನು ಏರಿ ಬಂದರೂ ತಲುಪಬೇಕಾದ ಜಾಗ ಇಲ್ಲ.

ಕಿಂಡಿ ಅಣೆಕಟ್ಟುಗಳ ಮಾತೂ ಇದೆ. ಉಪ್ಪುನೀರು ತಡೆಯಲಿಕ್ಕೆ, ಬೇಸಗೆಗೆ ನೀರು ನಿಲ್ಲಿಸಲಿಕ್ಕೆ ಇವು ಬೇಕೇ ಬೇಕು. ಆದರೆ ಹಲಗೆ ತೆಗೆಯುವುದು ತಡವಾದರೆ ಮೊದಲ ಮಳೆಗೆ ಮೇಲೇರುವ ಮೀನು ಅಡ್ಡಗಟ್ಟಿನ ಬುಡದಲ್ಲೇ ಗುಂಪಾಗಿ ನಿಲ್ಲುತ್ತದೆ. ಅಲ್ಲಿ ಬಲೆ ಹಾಕಿದರೆ ಒಂದೇ ರಾತ್ರಿಯಲ್ಲಿ ಚೀಲಗಟ್ಟಲೆ. ಹಲಗೆ ಹೊತ್ತಿಗೆ ಸರಿಯಾಗಿ ಎತ್ತುವುದು ನೆರೆ ತಪ್ಪಿಸಲಿಕ್ಕೆ ಎಷ್ಟು ಮುಖ್ಯವೋ ಮೀನಿಗೂ ಅಷ್ಟೇ ಮುಖ್ಯ.

ಇನ್ನೊಂದು ಬೇಸಗೆಯ ಕತೆ. ಸ್ವರ್ಣಾ ನದಿಗೆ ಕಟ್ಟಿದ ಬಜೆ ಅಣೆಕಟ್ಟು ಉಡುಪಿ ನಗರಕ್ಕೆ ಕುಡಿಯುವ ನೀರಿನ ಮೂಲ. 2019ರ ಮೇ ತಿಂಗಳಲ್ಲಿ ಅಲ್ಲಿ ನೀರು ತಳ ಕಂಡು ನಗರಕ್ಕೆ ಬರ ಬಂದದ್ದು ಜನರಿಗೆ ನೆನಪಿದೆ. ಅಂಥ ಹೊತ್ತಿನಲ್ಲಿ ಹೊಳೆಯ ಮೀನಿಗೆ ಉಳಿಯುವುದು ಕಲ್ಲುಬಂಡೆ ನಡುವಿನ ಗುಂಡಿಗಳು ಮಾತ್ರ. ಆ ಗುಂಡಿಗಳಿಗೆ ತೋಟೆ ಹಾಕಿದರೆ, ಮೈಲುತುತ್ತ ಸುರಿದರೆ, ಮಳೆ ಬಂದಾಗ ಉಬರ್ ಏರಲಿಕ್ಕೆ ತಾಯಿ ಮೀನೇ ಇರುವುದಿಲ್ಲ. ತೋಟೆ ಮತ್ತು ವಿಷ ಹಾಕುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಒಳನಾಡು ಮೀನುಗಾರಿಕೆಗೆ ರಾಜ್ಯದ 1996ರ ಕಾಯ್ದೆ ಬೇರೆ ಇದೆ. ಕಾನೂನು ಇಲ್ಲ ಎಂಬ ನೆಪ ನಡೆಯುವುದಿಲ್ಲ. ಹೊಳೆ ಬದಿಯಲ್ಲಿ ನಿಂತು ಕೇಳುವವರು ಇಲ್ಲ, ಅಷ್ಟೇ.

ಕೆರೆಗೆ ಮರಿ ಬಿಟ್ಟರೆ ಸಾಕಾ?

ಹೊಳೆಯಲ್ಲಿ ಇಲ್ಲದಿದ್ದರೆ ಕೆರೆಗೆ ಮರಿ ಬಿಡುವ, ಮೀನು ಸಿಗುತ್ತದಲ್ಲ ಎಂಬ ವಾದ ಇದೆ. ಕಾರ್ಕಳದ ಆನೆಕೆರೆ, ರಾಮಸಮುದ್ರ, ಮಣಿಪಾಲದ ಮಣ್ಣಪಳ್ಳದಂಥ ದೊಡ್ಡ ನೀರು ಕಂಡಾಗ ಈ ಆಸೆ ಸಹಜ. ಆದರೆ ಲೆಕ್ಕ ಬೇರೆ.

ನಮ್ಮ ರಾಜ್ಯದ ಕೆರೆಗಳಿಗೆ ಸಾಮಾನ್ಯವಾಗಿ ಬಿಡುವುದು ಕಾಟ್ಲಾ, ರೋಹು, ಮೃಗಾಲ್. ಇವು ಮೂಲತಃ ಗಂಗಾ ಬಯಲಿನ ಮೀನುಗಳು. ಬೇಗ ಬೆಳೆಯುತ್ತವೆ, ಸಾಕುವವರಿಗೆ ಲಾಭ. ಆದರೆ ನಿಂತ ನೀರಿನಲ್ಲಿ ಇವು ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ವಿಜ್ಞಾನಿ ಹೀರಾಲಾಲ್ ಚೌಧರಿ ಮತ್ತು ಸಂಗಡಿಗರು ಹಾರ್ಮೋನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮೀನುಮರಿ ಉತ್ಪಾದನೆ ಸುಲಭವಾದದ್ದು. ದೇಶದಲ್ಲಿ ಜುಲೈ 10 ಮೀನು ಕೃಷಿಕರ ದಿನವಾದದ್ದು ಇದೇ ಕಾರಣಕ್ಕೆ. ಅಂದರೆ ಕೆರೆಗೆ ಪ್ರತಿ ವರ್ಷ ದುಡ್ಡು ಕೊಟ್ಟು ಮರಿ ತರಬೇಕು. ಮುಗುಡು, ಮರಲ್‌ಗಳಿಗೆ ಯಾರೂ ಒಂದು ರೂಪಾಯಿ ಖರ್ಚು ಮಾಡುವುದು ಬೇಡ, ಮಳೆಗಾಲದಲ್ಲಿ ಬಿಟ್ಟರೆ ಸಾಕು.

ಹೊರಗಿನ ಮೀನು ತಂದು ಬಿಡುವುದರ ಅಪಾಯವೂ ಇದೆ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯ ಇಂದು ಬಿಟ್ಟ ಕಡೆಯೆಲ್ಲ ತುಂಬಿಕೊಳ್ಳುತ್ತದೆ. ಸಿಕ್ಕಿದ್ದನ್ನೆಲ್ಲ ತಿನ್ನುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧ ಇದ್ದರೂ ಅಲ್ಲಲ್ಲಿ ಕದ್ದುಮುಚ್ಚಿ ಸಾಕುವುದು ನಿಂತಿಲ್ಲ. ಮಳೆಗೆ ಕೊಳ ಉಕ್ಕಿ ಅದು ತೋಡು ಸೇರಿದರೆ ನಮ್ಮ ಮುಗುಡಿನ ಜಾಗ ಅದರದ್ದು.

ಕಾವೇರಿಯ ಪಾಠ

ಇದಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆ ಇದೆ. ಭೀಮೇಶ್ವರಿ, ಗಾಲಿಬೋರೆ ಕಡೆಯ ಕಾವೇರಿ ಒಂದು ಕಾಲಕ್ಕೆ ಗಾಳ ಹಾಕುವವರ ಲೋಕದಲ್ಲೇ ಹೆಸರುವಾಸಿ. ಕಾರಣ ಬೆನ್ನು ಡುಬ್ಬದ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಮುಂದೆ ಅಲ್ಲಿ ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುವ ಪದ್ಧತಿ ಬಂತು. ಹಳ್ಳಿಯ ಕೆಲವರಿಗೆ ಕೆಲಸವೂ ಸಿಕ್ಕಿತು. ವನ್ಯಧಾಮದೊಳಗೆ ಗಾಳಕ್ಕೆ ತಡೆ ಬಿದ್ದದ್ದು ಆಮೇಲೆ.

ಈ ನಡುವೆ ಮೀನು ಹೆಚ್ಚಿಸುವ ಒಳ್ಳೆಯ ಉದ್ದೇಶದಿಂದಲೇ ಬೇರೆ ಕಡೆಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅದು ಹೆಚ್ಚಿತು, ಡುಬ್ಬದ ಮಹಶೀರ್ ಕುಸಿಯಿತು. 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿತು, ಅದೇ ವರ್ಷ ಅಳಿವಿನ ಅಂಚಿನ ಕೆಂಪು ಪಟ್ಟಿಗೂ ಸೇರಿತು. ಇದ್ದ ಮೀನನ್ನು ಕಾಯದೆ ತಂದ ಮೀನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಮೆರಿಕದವರು ಏನು ಮಾಡುತ್ತಾರೆ?

ಅಮೆರಿಕದ ಉತ್ತರ ಭಾಗದ ಸರೋವರಗಳಲ್ಲಿ ಮಸ್ಕಿ, ಬಾಸ್, ವಾಲೈ ಎಂಬ ಮೀನುಗಳಿಗೆ ಗಾಳ ಹಾಕುವುದು ದೊಡ್ಡ ಹವ್ಯಾಸ, ದೊಡ್ಡ ವ್ಯಾಪಾರ ಕೂಡ. ಆ ವ್ಯಾಪಾರ ನಿಂತಿರುವುದು ನಿಯಮದ ಮೇಲೆ. ಮಿನ್ನೆಸೋಟದಲ್ಲಿ ಲೈಸೆನ್ಸ್ ಬೇಕು. ವಾಲೈ ಮೊಟ್ಟೆ ಇಡುವ ವಸಂತದಲ್ಲಿ ಒಳನಾಡಿನ ಸರೋವರಗಳು ಬಂದ್, ಮೇ ತಿಂಗಳ ಮಧ್ಯದಲ್ಲಿ ಮತ್ತೆ ಆರಂಭ. ಒಬ್ಬರಿಗೆ ಇಷ್ಟೇ ಮೀನು ಎಂಬ ಮಿತಿ ಇದೆ. ಮಸ್ಕಿ ಹೆಚ್ಚಿನ ಕಡೆ 54 ಅಂಗುಲ, ಅಂದರೆ ನಾಲ್ಕೂವರೆ ಅಡಿ ಇಲ್ಲದಿದ್ದರೆ ವಾಪಸ್ ನೀರಿಗೆ.

ಅಂಗಡಿಯವರು ಗಮನಿಸಬೇಕಾದದ್ದು ಇನ್ನೊಂದು. 1950ರ ಕಾಯ್ದೆಯಂತೆ ಅಲ್ಲಿ ಗಾಳ, ರಾಡು, ರೀಲುಗಳ ಮೇಲಿನ ತೆರಿಗೆ ಮೀನಿನ ಸಂರಕ್ಷಣೆಗೇ ಹೋಗುತ್ತದೆ. ಗಾಳ ಮಾರುವವನ ವ್ಯಾಪಾರ ಉಳಿಯಬೇಕಾದರೆ ನೀರಿನಲ್ಲಿ ಮೀನು ಉಳಿಯಬೇಕು ಎಂಬ ಸರಳ ಲೆಕ್ಕ. ಉಡುಪಿ, ಕಾಪುವಿನಲ್ಲೂ ಸೇತುವೆ ಮೇಲೆ, ಅಳಿವೆ ಬದಿಯಲ್ಲಿ ರಾಡು ಹಿಡಿದು ಕೂರುವ ಹುಡುಗರು ಕಾಣುತ್ತಾರೆ. ಅವರಿಗೆ ಸಲಕರಣೆ ಮಾರುವ ಅಂಗಡಿಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ಅವರು ಆಸೆಪಡುವ ಕುರುಡಿ ಮೀನು, ಹೋಟೆಲಿನವರ ಸೀಬಾಸ್, ಉಪ್ಪುನೀರಿನಲ್ಲಿ ಮೊಟ್ಟೆ ಇಟ್ಟು ಹೊಳೆಯಲ್ಲಿ ಬೆಳೆಯುವ ಜಾತಿ. ಕೋಡಿಬೆಂಗ್ರೆಯ ಅಳಿವೆಯಿಂದ ಮೇಲಿನ ತನಕ ಹೊಳೆ ಚೆನ್ನಾಗಿದ್ದರೆ ಮಾತ್ರ ಅದು ಸಿಗುತ್ತದೆ.

ದೂರ ಹೋಗುವುದೂ ಬೇಡ. ಕೇರಳದಲ್ಲಿ ಇದೇ ಮಳೆಗಾಲದ ಏರುಮೀನು ಬೇಟೆಗೆ ದಂಡ, ಜೈಲು ಎರಡೂ ಇದೆ. ಪಕ್ಕದ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವರ ಮೀನೆಂದು ಜನರೇ ಕಾಯ್ದ ಹೊಳೆ ಇದೆ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರಿನವರು ಮೀನಿಗೆ ಸ್ಮಾರಕ ಕಟ್ಟಿದರು, ಮತ್ತೆ ಕಾಯ್ದರು. ಮೀನು ಮರಳಿತು. ಕಾಯುವವರಿದ್ದರೆ ಹೊಳೆ ಬೇಗ ಚೇತರಿಸಿಕೊಳ್ಳುತ್ತದೆ.

ಇಲ್ಲಿ ಏನು ಮಾಡಬಹುದು?

ಉಬರ್ ಪೂರ್ತಿ ನಿಲ್ಲಿಸಿ ಎಂದರೆ ಯಾರೂ ಕೇಳುವುದಿಲ್ಲ. ಗದ್ದೆ ಗದ್ದೆಗೆ ಪೊಲೀಸ್ ನಿಲ್ಲಿಸಲೂ ಆಗದು. ಆದರೆ ಪಂಚಾಯತ್ ಮಟ್ಟದಲ್ಲಿ ಆಗುವ ಕೆಲಸಗಳಿವೆ.

* ಮೊದಲ ದೊಡ್ಡ ಮಳೆಯ ನಂತರದ ಕೆಲವು ದಿನ ಹಿಡಿಯುವುದು ಬೇಡ ಎಂದು ಗ್ರಾಮಸಭೆಯಲ್ಲಿ ತೀರ್ಮಾನ. ಮೊಟ್ಟೆ ಇಡಲಿಕ್ಕೆ ಅಷ್ಟು ಬಿಡುವು ಸಿಕ್ಕಿದರೂ ವ್ಯತ್ಯಾಸ ದೊಡ್ಡದು.

* ಕರೆಂಟು, ತೋಟೆ, ವಿಷ, ಸೊಳ್ಳೆಪರದೆ ಬಲೆಗೆ ಯಾವ ಕಾಲದಲ್ಲೂ ಮಾಫಿ ಇಲ್ಲ. ಕರೆಂಟು ಹಾಯಿಸುವವರು ಮೀನಿನ ಜತೆ ತಮ್ಮ ಜೀವವನ್ನೂ ಒತ್ತೆ ಇಡುತ್ತಾರೆ.

* ಕಿಂಡಿ ಅಣೆಕಟ್ಟಿನ ಹಲಗೆ ಮಳೆಗೆ ಮೊದಲು ತೆಗೆಯುವುದು, ಅದರ ಬುಡದಲ್ಲಿ ಬಲೆ ಹಾಕದಂತೆ ಬೋರ್ಡು.

* ಬೇಸಗೆಯಲ್ಲಿ ನೀರು ಉಳಿಯುವ ಒಂದೆರಡು ಹೊಳೆಗುಂಡಿಗಳನ್ನು ಪ್ರತಿ ಗ್ರಾಮವೂ ಗುರುತಿಸಿ ಬಿಡುವುದು. ದೇವಸ್ಥಾನದ ಹತ್ತಿರದ ಗುಂಡಿಯಾದರೆ ಇನ್ನೂ ಸುಲಭ.

* ಜೂನ್, ಜುಲೈಯಲ್ಲಿ ಮೊಟ್ಟೆ ತುಂಬಿದ ಹೊಳೆ ಮೀನು ಮಾರುವುದಿಲ್ಲ ಎಂದು ಪೇಟೆಯ ಮೀನಿನಂಗಡಿ, ಹೋಟೆಲುಗಳೇ ನಿರ್ಧರಿಸುವುದು. ಕೊಳ್ಳುವವರಿಲ್ಲದಿದ್ದರೆ ಚೀಲಗಟ್ಟಲೆ ಹಿಡಿಯುವವರೂ ಇರುವುದಿಲ್ಲ.

ಯಾವ ಮೀನು ಎಷ್ಟು ಉಳಿದಿದೆ ಎಂದು ಎಣಿಸುವ ಕೆಲಸಕ್ಕೆ ದೂರದಿಂದ ಯಾರನ್ನೂ ಕರೆಸಬೇಕಾಗಿಲ್ಲ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಿಂದ ಮಂಗಳೂರಿನಲ್ಲೇ ಇದೆ. ಪಂಚಾಯತ್‌ಗಳು ಕೇಳಿದರೆ ಒಂದು ಮಳೆಗಾಲದ ಅಧ್ಯಯನ ದೊಡ್ಡ ಮಾತಲ್ಲ.

61 ದಿನ ಬೋಟು ನಿಲ್ಲಿಸಿದರೆ ಎಷ್ಟೋ ಮನೆಗಳ ದುಡಿಮೆ ನಿಲ್ಲುತ್ತದೆ. ಆದರೂ ಮೀನುಗಾರರು ಆ ರಜೆ ಒಪ್ಪಿದ್ದಾರೆ, ಆಗಸ್ಟಿನಲ್ಲಿ ಬಲೆಗೆ ಮೀನು ಬೇಕು ಎಂಬ ಕಾರಣಕ್ಕೆ. ಹೊಳೆ ಮೀನಿಗೆ ಕೇಳುತ್ತಿರುವುದು ಕೆಲವೇ ರಾತ್ರಿಗಳು. ಅದನ್ನು ಕೊಟ್ಟರೆ ಕಳೆದುಕೊಳ್ಳುವುದು ಒಂದೆರಡು ಹೊತ್ತಿನ ಗಡದ್ದು ಊಟ ಮಾತ್ರ. ಮುಂದಿನ ಮುಂಗಾರಿಗೆ ಮೊದಲೇ ಗ್ರಾಮಸಭೆಗಳಲ್ಲಿ ಈ ಮಾತು ಎತ್ತುವುದಕ್ಕೆ ಇನ್ನೂ ಸಮಯ ಇದೆ.