ಆರ್‌ಸಿಎಸ್ ಸಂದೇಶವೂ ಚಂದಾದಾರನ ಸಮ್ಮತಿಯೂ

ಸ್ಮಾರ್ಟ್‌ಫೋನು ಬಳಸುವ ನಮ್ಮ ಓದುಗರಲ್ಲಿ ಹಲವರು ಇತ್ತಿತ್ತಲಾಗಿ ಒಂದು ಮಾರ್ಪಾಡನ್ನು ಲಕ್ಷಿಸಿರಬಹುದು. ಹಿಂದೆ ನಾಲ್ಕು ಸಾಲಿನ ಎಸ್ಎಂಎಸ್ ಬರುತ್ತಿದ್ದ ಎಡೆಯಲ್ಲಿಯೇ ಈಗ ಬಣ್ಣದ ಚಿತ್ರಗಳೂ, ಒತ್ತೆಂದು ಕರೆಯುವ ಗುಂಡಿಗಳೂ, ಸಾಲ ಕೊಡುವೆವೆಂಬ ಆಮಂತ್ರಣಗಳೂ ಬಂದು ಕೂಡುತ್ತಿವೆ. ಇದು ಆರ್‌ಸಿಎಸ್ ಎಂಬ ವರ್ಧಿತ ಸಂದೇಶಪದ್ಧತಿಯ ಕಾರ್ಯ. ಈ ಪದ್ಧತಿಯನ್ನು ನೀವು ಯಾವಾಗ ಅಂಗೀಕರಿಸಿದಿರಿ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಅದನ್ನು ನಿಲ್ಲಿಸುವ ಬಗೆ ಬಲ್ಲವರು ಇನ್ನೂ ವಿರಳ. ಸಂಗತಿ ಸಣ್ಣದೆಂದು ತೋರಿದರೂ ಅದರಲ್ಲಿ ಅಡಗಿರುವ ಪ್ರಶ್ನೆ ಸಣ್ಣದಲ್ಲ.

ಮೊದಲು ಇದರ ಪೂರ್ವವೃತ್ತವನ್ನು ನೋಡೋಣ. ಜಗತ್ತಿನ ಮೊದಲನೆಯ ಎಸ್ಎಂಎಸ್ 1992ನೆಯ ಇಸವಿಯ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ರವಾನೆಯಾಯಿತು. ಒಂದು ಸಂದೇಶಕ್ಕೆ 160 ರೋಮನ್ ಅಕ್ಷರಗಳೆಂಬುದು ಅದರ ಮಿತಿ. ಕನ್ನಡದಲ್ಲಿ ಬರೆದರೆ ಆ ಮಿತಿಯು ಸಾಮಾನ್ಯವಾಗಿ 70 ಚಿಹ್ನೆಗಳಿಗೆ ಇಳಿಯುವದು. ಅದರಲ್ಲಿಯೂ ಕಾಗುಣಿತದ ಗುರುತುಗಳು ಬೇರೆ ಬೇರೆಯಾಗಿ ಎಣಿಕೆಗೆ ಬರುವದರಿಂದ, ಎರಡು ವಾಕ್ಯ ಮುಗಿಯುವದರೊಳಗೆ ಸಂದೇಶವು ಒಡೆದು ಎರಡಾಗುವದು. ಇಂಥ ಕೊರತೆಗಳನ್ನು ನೀಗಿಸಲೆಂದು ಆರ್‌ಸಿಎಸ್‌ನ ಯೋಜನೆ 2007ರಲ್ಲಿ ಮೊದಲಾಯಿತು. ಮೊಬೈಲ್ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಜಿಎಸ್ಎಂಎ ಅದನ್ನು ಮರುವರ್ಷವೇ ಕೈಗೆತ್ತಿಕೊಂಡು, 2016ರಲ್ಲಿ ಎಲ್ಲ ಕಂಪನಿಗಳಿಗೂ ಒಪ್ಪುವ ಸಮಾನ ನಿಯಮಾವಳಿಯನ್ನು ಪ್ರಕಟಿಸಿತು. ಗೂಗಲ್ ಕಂಪನಿಯು 2019ರಿಂದ ತನ್ನ ಮೆಸೇಜಸ್ ಆ್ಯಪಿನ ಮೂಲಕ ಅದನ್ನು ನೇರವಾಗಿ ಜನರಿಗೆ ಒದಗಿಸತೊಡಗಿತು; ಆ್ಯಪಲ್ ಕಂಪನಿಯು 2024ರಲ್ಲಿ ಐಓಎಸ್ 18ರೊಡನೆ ಅದನ್ನು ಒಪ್ಪಿಕೊಂಡಿತು.

ಈ ಪದ್ಧತಿಯ ಗುಣಗಳನ್ನು ಅಲ್ಲಗಳೆಯುವದು ನ್ಯಾಯವಲ್ಲ. ಸಂದೇಶವು ಇಂಟರ್‌ನೆಟ್ ಮೂಲಕ ಸಾಗುವದರಿಂದ ಕನ್ನಡಕ್ಕೆ 70ರ ಕಟ್ಟು ಉಳಿಯುವದಿಲ್ಲ. ಚಿತ್ರಗಳು ಮಸುಕಾಗದೆ ತಲುಪುವವು. 2021ರಿಂದ, ಗೂಗಲ್ ಮೆಸೇಜಸ್ ಬಳಸುವ ಇಬ್ಬರ ನಡುವಿನ ಆರ್‌ಸಿಎಸ್ ಸಂಭಾಷಣೆಗೆ, ಮಧ್ಯದಲ್ಲಿ ಯಾರೂ ಓದಲಾಗದಂಥ ಗೂಢಲಿಪಿಯ ರಕ್ಷಣೆ ದೊರೆತಿದೆ. ಎಸ್ಎಂಎಸ್‌ಗೆ ಅಂಥ ರಕ್ಷಣೆ ಇಲ್ಲ. ಆದುದರಿಂದ ಎಲ್ಲರೂ ಇದನ್ನು ತ್ಯಜಿಸತಕ್ಕದ್ದೆಂದು ನಾವು ಹೇಳುವವರಲ್ಲ.

ನಮ್ಮ ಆಕ್ಷೇಪವಿರುವದು ಅದು ಮನೆ ಹೊಕ್ಕ ರೀತಿಗೆ. 2023ರಲ್ಲಿ ಗೂಗಲ್ ಕಂಪನಿಯು, ಮೊದಲೇ ನಿಲ್ಲಿಸಿಟ್ಟವರ ಹೊರತು ತನ್ನ ಆ್ಯಪಿನ ಹೊಸ ಹಳೆಯ ಬಳಕೆದಾರರೆಲ್ಲರಿಗೂ ಆರ್‌ಸಿಎಸ್ ತಾನಾಗಿಯೇ ಚಾಲೂ ಆಗುವಂತೆ ಏರ್ಪಡಿಸಿತು. ಬೇಡವೆನ್ನದವನು ಬೇಕೆಂದನೆಂದೇ ಇದರ ಅರ್ಥ. ಮೌನವೇ ಸಮ್ಮತಿಯೆಂಬುದು ಲೋಕೋಕ್ತಿ. ಆದರೆ ಪ್ರಶ್ನೆಯನ್ನೇ ಕೇಳದಿರುವಾಗ ಮೌನಕ್ಕೆ ಯಾವ ಅರ್ಥವೂ ಬಾರದು. ಅದೇ 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು, ಸಮ್ಮತಿಯು ಸ್ವತಂತ್ರವೂ, ತಿಳಿದು ಕೊಟ್ಟದ್ದೂ, ಸ್ಪಷ್ಟವಾದ ಕ್ರಿಯೆಯಿಂದ ತೋರಿದ್ದೂ ಆಗಿರಬೇಕೆಂದೂ, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದೆಗೆದುಕೊಳ್ಳಲು ಬರಬೇಕೆಂದೂ ಸಾರುತ್ತದೆ. ಅದರ ಯಾವ ಕಲಮು ಇಲ್ಲಿ ಎಷ್ಟರಮಟ್ಟಿಗೆ ಅನ್ವಯಿಸುವದೆಂಬುದು ನ್ಯಾಯವಾದಿಗಳ ವಿಚಾರ. ಅದರ ತತ್ತ್ವವು ಮಾತ್ರ ಸಾಮಾನ್ಯ ಮನುಷ್ಯನಿಗೂ ತಿಳಿಯುವಂಥದು.

ಇದರಿಂದಾಗುವ ತೊಂದರೆ ಕೇವಲ ತಾತ್ತ್ವಿಕವಾದುದೆಂದು ಯಾರೂ ಭಾವಿಸಕೂಡದು. ಅನಪೇಕ್ಷಿತ ವ್ಯಾಪಾರೀ ಸಂದೇಶಗಳ ಹಾವಳಿಯನ್ನು ತಡೆಯಲು ಟ್ರಾಯ್ ಸಂಸ್ಥೆಯು 2018ರಲ್ಲಿ ನಿಬಂಧನೆಗಳನ್ನು ರಚಿಸಿತು. ಅವುಗಳ ಪ್ರಕಾರ ಎಸ್ಎಂಎಸ್ ಕಳಿಸುವ ವ್ಯಾಪಾರಿಯು ತನ್ನ ಹೆಸರನ್ನೂ ಸಂದೇಶದ ಮಾದರಿಯನ್ನೂ ನೋಂದಾಯಿಸಬೇಕು. 2025ರ ತಿದ್ದುಪಡಿಯ ತರುವಾಯ ಪ್ರಚಾರಕ್ಕೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಸರಕಾರಕ್ಕೆ ಜಿ ಎಂಬ ಗುರುತು ಹೆಸರಿನ ಕೊನೆಗೆ ಬರುವದು. ಬೇಡವೆನ್ನುವ ಚಂದಾದಾರನು 1909ಕ್ಕೆ ತಿಳಿಸಿ ಪ್ರಚಾರವನ್ನು ತಡೆಯಬಹುದು. ಆದರೆ ಈ ಕಟ್ಟುಪಾಡೆಲ್ಲ ಮುಖ್ಯವಾಗಿ ಕರೆಗಳನ್ನೂ ಎಸ್ಎಂಎಸ್‌ಗಳನ್ನೂ ಮನಸ್ಸಿನಲ್ಲಿಟ್ಟು ಕಟ್ಟಿದ್ದು. ಆರ್‌ಸಿಎಸ್‌ನಲ್ಲಿ ವ್ಯಾಪಾರಿಗಳನ್ನು ಪರಿಶೀಲಿಸಿ ಒಳಗೆ ಬಿಡುವವರು ಕಂಪನಿಗಳವರೇ. ಆ ಕಾವಲು ಎಷ್ಟು ಸಡಿಲವಾಗಿತ್ತೆಂಬುದಕ್ಕೆ 2022ರ ಜೂನ್ ತಿಂಗಳೇ ಸಾಕ್ಷಿ: ಭಾರತದ ಬಳಕೆದಾರರ ದೂರುಗಳು ಹೆಚ್ಚಿದುದರಿಂದ ಗೂಗಲ್ ತಾನೇ ಈ ದೇಶದಲ್ಲಿ ವ್ಯಾಪಾರೀ ಪ್ರಚಾರವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಲಾಭ ಪಡೆಯುವವನೇ ಕಾವಲುಗಾರನಾದರೆ ಬೇಲಿಯೇ ಹೊಲ ಮೇಯ್ದಂತಾಗದೆ?

ಅಧಿಕಾರಿಗಳೂ ನೌಕರರೂ ವಿಚಾರಿಸಬೇಕಾದ ಇನ್ನೊಂದು ಮಾತುಂಟು. ಸಂದೇಶವನ್ನು ಓದಿದಿರೆಂಬುದನ್ನೂ, ಉತ್ತರ ಬರೆಯುತ್ತಿರುವಿರೆಂಬುದನ್ನೂ ಆರ್‌ಸಿಎಸ್ ಎದುರಿನವರಿಗೆ ತೋರಿಸಬಲ್ಲದು. ಮೇಲಧಿಕಾರಿ ರಾತ್ರಿ ಹತ್ತಕ್ಕೆ ಕಳಿಸಿದ ಸಂದೇಶವನ್ನು ಗುಮಾಸ್ತನು ತೆರೆದ ಮಾತ್ರಕ್ಕೆ ಆತನು ಉತ್ತರಕ್ಕೆ ಬದ್ಧನಾದಂತೆ ಆಗುವದು. ಕಚೇರಿಯ ವೇಳೆಗೂ ಮನೆಯ ವೇಳೆಗೂ ಇದ್ದ ಗಡಿಯು ಹೀಗೆ ಯಾರ ಆಜ್ಞೆಯೂ ಇಲ್ಲದೆ ಅಳಿದುಹೋಗುತ್ತಿದೆ.

ನಿಲ್ಲಿಸಬಯಸುವವರಿಗೆ ದಾರಿ ಕಠಿಣವಾದುದಲ್ಲ. ಗೂಗಲ್ ಮೆಸೇಜಸ್ ಆ್ಯಪನ್ನು ತೆರೆದು, ಮೇಲಿನ ಮೂಲೆಯಲ್ಲಿರುವ ತಮ್ಮ ಚಿತ್ರವನ್ನು ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ ‘ಆರ್‌ಸಿಎಸ್ ಚಾಟ್ಸ್’ ಎಂಬಲ್ಲಿಯ ಗುಂಡಿಯನ್ನು ಆರಿಸಿದರೆ ಸಾಕು. ಐಫೋನಿನಲ್ಲಿ ಸೆಟ್ಟಿಂಗ್ಸ್‌ನೊಳಗೆ ಮೆಸೇಜಸ್ ವಿಭಾಗದಲ್ಲಿ ‘ಆರ್‌ಸಿಎಸ್ ಮೆಸೇಜಿಂಗ್’ ಎಂಬುದನ್ನು ನೋಡಬೇಕು. ಓದಿದ ಗುರುತು ಮಾತ್ರ ಬೇಡವೆನ್ನುವವರು ಗೂಗಲ್ ಆ್ಯಪಿನ ಅದೇ ಎಡೆಯಲ್ಲಿ ಅದೊಂದನ್ನೇ ಆರಿಸಬಹುದು. ನಿಲ್ಲಿಸಿದ ಮೇಲೆಯೂ ಎಸ್ಎಂಎಸ್ ಮೊದಲಿನಂತೆಯೇ ಬರುವದು. ಆ ದಾರಿಯಿಂದ ಬರುವ ಬ್ಯಾಂಕಿನ ಓಟಿಪಿಗೆ ಬಾಧೆಯಿಲ್ಲ. ಆದರೆ ಗೂಢಲಿಪಿಯ ರಕ್ಷಣೆ ತಪ್ಪುವದೆಂಬುದನ್ನೂ, ಎಸ್ಎಂಎಸ್‌ಗೆ ಯೋಜನೆಯಂತೆ ದರ ತಗಲಬಹುದೆಂಬುದನ್ನೂ ಅರಿತಿರಬೇಕು.

ವಿಶೇಷವಾಗಿ ಎಚ್ಚರಿಕೆ ಹೇಳಬೇಕಾದುದು ಫೋನು ಬದಲಿಸುವವರಿಗೆ. ತನ್ನ ಸ್ಮಾರ್ಟ್‌ಫೋನನ್ನು ಕಾಲೇಜಿಗೆ ಹೋಗುವ ಮಗನಿಗೆ ಕೊಟ್ಟು, ಸಿಮ್ಮನ್ನು ಹಳೆಯ ಕೀಪ್ಯಾಡ್ ಫೋನಿಗೆ ಹಾಕಿಕೊಳ್ಳುವ ತಂದೆಯು ಮೊದಲು ಆರ್‌ಸಿಎಸ್ ನಿಲ್ಲಿಸತಕ್ಕದ್ದು. ಹಾಗೆ ಮಾಡದಿದ್ದರೆ, ಆತನ ಸಂಖ್ಯೆಗೆ ಕಳಿಸಿದ ಕೆಲವು ಸಂದೇಶಗಳು ಕೆಲದಿನ ಆರ್‌ಸಿಎಸ್‌ನ ದಾರಿಯನ್ನೇ ಹಿಡಿದು ಆತನನ್ನು ಮುಟ್ಟದೆ ಹೋಗುವ ಸಂಭವವುಂಟು. ಕಳಿಸಿದವನು ಮುಟ್ಟಿತೆಂದು ನಂಬುವನು. ಪಡೆಯಬೇಕಾದವನು ಬರಲೇ ಇಲ್ಲವೆಂದು ಕಾಯುವನು. ಫೋನು ಕಳೆದವರಿಗೂ ಒಡೆದವರಿಗೂ ಗೂಗಲ್ ತನ್ನ ತಾಣದಲ್ಲಿ ಒಂದು ಸೌಕರ್ಯ ಕಲ್ಪಿಸಿದೆ. ಅಲ್ಲಿ ಸಂಖ್ಯೆಯನ್ನು ಬರೆದು, ಎಸ್ಎಂಎಸ್‌ನಲ್ಲಿ ಬರುವ ಸಂಕೇತಾಂಕವನ್ನು ತುಂಬಿ ನೋಂದಣಿಯನ್ನು ರದ್ದುಪಡಿಸಿಕೊಳ್ಳಬಹುದು. ಆದರೆ ಕೀಪ್ಯಾಡ್ ಫೋನಿನ ಒಡೆಯನಿಗೆ ಆ ತಾಣದ ಸುಳಿವು ಕೊಡುವವರಾರು?

ಈ ಪರಿಸ್ಥಿತಿಯಲ್ಲಿ ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಕಂಪನಿಗಳು ಇಂಥ ಪದ್ಧತಿಯನ್ನು ಚಾಲೂ ಮಾಡುವ ಮುನ್ನ ಚಂದಾದಾರನನ್ನು ಆತನ ಭಾಷೆಯಲ್ಲಿಯೇ ಕೇಳಬೇಕು. ಕರ್ನಾಟಕದಲ್ಲಿ ಆ ಪ್ರಶ್ನೆ ಕನ್ನಡದಲ್ಲಿರಬೇಕು. ಎರಡನೆಯದಾಗಿ, ಆರ್‌ಸಿಎಸ್‌ನ ವ್ಯಾಪಾರೀ ಸಂದೇಶಗಳನ್ನು ಎಸ್ಎಂಎಸ್‌ಗಿರುವ ಕಟ್ಟುಪಾಡಿನೊಳಗೆ ನಿಸ್ಸಂದಿಗ್ಧವಾಗಿ ತಂದು, 1909ಕ್ಕೆ ಒಮ್ಮೆ ಬೇಡವೆಂದವನ ಮಾತು ಎರಡು ದಾರಿಗಳಿಗೂ ಸಲ್ಲುವಂತೆ ಸರಕಾರವೂ ಟ್ರಾಯ್ ಸಂಸ್ಥೆಯೂ ಏರ್ಪಡಿಸಬೇಕು. ಮೂರನೆಯದಾಗಿ, ಸಿಮ್ ಮಾರುವ ಅಂಗಡಿಯಲ್ಲಿಯೇ ನಿಲ್ಲಿಸುವ ವಿಧಾನವನ್ನು ಅಚ್ಚು ಹಾಕಿಸಿ ಗ್ರಾಹಕನ ಕೈಗೆ ಕೊಡಬೇಕು.

ಓದುಗರ ಕರ್ತವ್ಯವೂ ಇಲ್ಲದಿಲ್ಲ. ವಂಚನೆಯೆಂದು ಕಂಡ ಸಂದೇಶವನ್ನು ಅಳಿಸಿ ಸುಮ್ಮನಾಗದೆ, ಸರಕಾರದ ಸಂಚಾರ ಸಾಥಿ ತಾಣದಲ್ಲಿರುವ ಚಕ್ಷು ವಿಭಾಗದಲ್ಲಿ ದೂರು ದಾಖಲಿಸುವದು ಲೇಸು. ದೂರುಗಳಿಗೆ ಬಲವಿದೆಯೆಂಬುದನ್ನು 2022ರ ಅನುಭವವೇ ತೋರಿಸಿದೆ. ಇಟ್ಟುಕೊಳ್ಳುವವರು ತಿಳಿದು ಇಟ್ಟುಕೊಳ್ಳಲಿ, ನಿಲ್ಲಿಸುವವರು ತಿಳಿದು ನಿಲ್ಲಿಸಲಿ. ತನ್ನ ಕೈಯಲ್ಲಿರುವ ಯಂತ್ರವು ಯಾರ ಮಾತು ಕೇಳಬೇಕೆಂಬುದನ್ನು ಅದನ್ನು ಹಣ ಕೊಟ್ಟು ಕೊಂಡವನೇ ನಿರ್ಣಯಿಸತಕ್ಕದ್ದು.