ಸರ್ವರ್ ಬರೆಯುವ ದಿನಚರಿ

ಹೋದ ವರ್ಷ ಒಂದು ಶುಕ್ರವಾರ ಹತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಎಲ್ಲರೆದುರು ಗದರಿಸಿದೆ. ಅವಳದೇನೂ ತಪ್ಪಿಲ್ಲವೆಂದು ನನಗೆ ಗೊತ್ತಾದದ್ದು ಸೋಮವಾರ. ನಡುವಿನ ಎರಡು ದಿನ ಅವಳು ಹೇಗೆ ಕಳೆದಳೋ, ನಾನು ಕೇಳಲಿಲ್ಲ.

ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಮೂಲೆಯಲ್ಲಿ ಒಂದು ಹಳೆಯ ಯಂತ್ರವಿದೆ. ಹಳೆಯ ವಿದ್ಯಾರ್ಥಿಯೊಬ್ಬ ಅದಕ್ಕೆ ಲಿನಕ್ಸ್ ಹಾಕಿ, ಅದರ ಮೇಲೆ ಅಪಾಚೆ ಎಂಬ ಉಚಿತ ತಂತ್ರಾಂಶವನ್ನು ಕೂರಿಸಿ ‘ಸರ್ವರ್’ ಮಾಡಿಕೊಟ್ಟಿದ್ದಾನೆ. ಸರ್ವರ್ ಎಂದರೆ ಹೋಟೆಲಿನ ಮಾಣಿ ಇದ್ದಂತೆ. ಉಳಿದ ಕಂಪ್ಯೂಟರುಗಳು ಕೇಳಿದ್ದನ್ನು ತಂದುಕೊಡುತ್ತದೆ, ಕೊಟ್ಟಿದ್ದನ್ನು ಒಳಗೆ ಒಯ್ದು ಇಡುತ್ತದೆ. 1995ರಲ್ಲಿ ಹೊರಬಂದ ಅಪಾಚೆ ಇಂದಿಗೂ ಜಗತ್ತಿನ ಅಸಂಖ್ಯ ಜಾಲತಾಣಗಳ ಮಾಣಿ. ನಮ್ಮ ಮಕ್ಕಳು ತಮ್ಮ ವಿಜ್ಞಾನದ ಪ್ರಾಜೆಕ್ಟುಗಳನ್ನು ಅದರಲ್ಲೇ ಸಲ್ಲಿಸುತ್ತಾರೆ. ಅಂದು ಸಂಜೆ ನಾಲ್ಕೂವರೆ ಕೊನೆಯ ಗಡುವು. ಆಂತರಿಕ ಅಂಕಗಳ ಪ್ರಶ್ನೆ.

ಎಲ್ಲರ ಫೈಲುಗಳೂ ಬಂದಿದ್ದವು. ಈ ಹುಡುಗಿಯ ಹೆಸರಿನ ಫೈಲೂ ಇತ್ತು, ಆದರೆ ಅದರ ಗಾತ್ರ ಸೊನ್ನೆ ಬೈಟ್. ಖಾಲಿ ಲಕೋಟೆ ಅಂಚೆಗೆ ಹಾಕಿ ‘ಕಾಗದ ಬರೆದಿದ್ದೇನೆ’ ಎಂದ ಹಾಗೆ! ಇನ್ನೆರಡು ದಿನ ಸಮಯ ಗಿಟ್ಟಿಸಲು ಹೂಡಿದ ಆಟವೆಂದು ನಾನು ತೀರ್ಮಾನಿಸಿಬಿಟ್ಟೆ. ‘ಇಲ್ಲ ಸಾರ್, ಕಳಿಸಿದೆ, ಧನ್ಯವಾದ ಅಂತ ಬಂತು ಸಾರ್’ ಎಂದು ಅವಳು ಹೇಳುತ್ತಲೇ ಇದ್ದಳು.

ಸೋಮವಾರ ಬೆಳಿಗ್ಗೆ ಅವಳ ತಂದೆ ಬಂದರು. ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್. ಜಗಳವಾಡಲಿಲ್ಲ. ‘ಮೇಷ್ಟ್ರೇ, ನಮ್ಮ ಸ್ಟೇಷನ್ನಿನಲ್ಲಿ ಗಂಟೆಗೊಮ್ಮೆ ವೋಲ್ಟೇಜು, ಲೋಡು ಎಲ್ಲ ಲಾಗ್ ಬುಕ್ಕಿನಲ್ಲಿ ಬರೀತೀವಿ. ಲೈನು ಟ್ರಿಪ್ ಆದರೆ ಸಾಹೇಬರು ಮೊದಲು ಕೇಳೋದು ಆ ಬುಕ್ಕನ್ನೇ. ನಿಮ್ಮ ಈ ಮಿಷನ್ನಿಗೆ ಅಂಥದ್ದೇನೂ ಇಲ್ಲವಾ?’ ಎಂದರು.

ಇದೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಶುಕ್ರವಾರವೇ ಹೊಳೆಯಬೇಕಿತ್ತು.

‘ಲಾಗ್’ ಎಂದರೆ ಮರದ ತುಂಡು. ಹಿಂದಿನ ಕಾಲದ ನಾವಿಕರು ಗಂಟುಗಳಿದ್ದ ಹಗ್ಗಕ್ಕೆ ಮರದ ತುಂಡು ಕಟ್ಟಿ ನೀರಿಗೆಸೆದು, ನಿಗದಿತ ಹೊತ್ತಿನಲ್ಲಿ ಎಷ್ಟು ಗಂಟು ಸರಿಯಿತೆಂದು ಎಣಿಸಿ ಹಡಗಿನ ವೇಗ ತಿಳಿಯುತ್ತಿದ್ದರು. ಹಡಗಿನ ವೇಗವನ್ನು ಇಂದಿಗೂ ‘ನಾಟ್’, ಅಂದರೆ ಗಂಟಿನಲ್ಲೇ ಹೇಳುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಆ ಲೆಕ್ಕ ಬರೆದಿಡುವ ಪುಸ್ತಕ ಲಾಗ್ ಬುಕ್ ಆಯಿತು. ಕಂಪ್ಯೂಟರಿನಲ್ಲಿ ಅದೇ ‘ಲಾಗ್ ಫೈಲ್’.

ಅಪಾಚೆ ಇಂಥ ಎರಡು ಪುಸ್ತಕಗಳನ್ನು ಬರೆಯುತ್ತದೆ. ಒಂದು ‘ಆಕ್ಸೆಸ್ ಲಾಗ್’. ನಮ್ಮ ಶಾಲೆಯ ಸಂದರ್ಶಕರ ಪುಸ್ತಕದಂತೆ, ಬಂದವರಿಗೆಲ್ಲ ಒಂದೊಂದು ಸಾಲು: ಯಾವ ಯಂತ್ರದಿಂದ, ಯಾವ ದಿನ ಯಾವ ಗಳಿಗೆಯಲ್ಲಿ, ಏನನ್ನು ಕೇಳಲಾಯಿತು, ಪರಿಣಾಮವೇನು, ಎಷ್ಟು ಬೈಟ್ ಕಳಿಸಲಾಯಿತು. ಪರಿಣಾಮವನ್ನು ಮೂರಂಕಿಯ ಸಂಕೇತದಲ್ಲಿ ಬರೆಯುತ್ತದೆ. 200 ಎಂದರೆ ಕೆಲಸ ಸುಸೂತ್ರ, 404 ಎಂದರೆ ಕೇಳಿದ್ದು ಇಲ್ಲಿಲ್ಲ, 500 ಎಂದರೆ ತಪ್ಪು ನನ್ನದೇ, ಒಳಗೇನೋ ಕೆಟ್ಟಿದೆ. (ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಕಚೇರಿಗಳನ್ನು ನಾನು ಹೆಚ್ಚು ಕಂಡಿಲ್ಲ.) ಇನ್ನೊಂದು ಪುಸ್ತಕ ‘ಎರರ್ ಲಾಗ್’, ಸರ್ವರಿನ ಸ್ವಂತ ಕಷ್ಟಸುಖದ ದಿನಚರಿ.

ಈ ಎರಡನೆಯ ಪುಸ್ತಕದಲ್ಲಿ ಎಷ್ಟು ವಿವರ ಬರೆಯಬೇಕೆಂಬುದನ್ನು ನಾವೇ ನಿಗದಿ ಮಾಡಬಹುದು. ಸಂರಚನಾ ಕಡತದಲ್ಲಿ ‘ಲಾಗ್‌ಲೆವೆಲ್’ ಎಂಬ ಒಂದೇ ಸಾಲು ಸಾಕು. ಮೇಲಿನಿಂದ ಕೆಳಕ್ಕೆ ಎಂಟು ಮೆಟ್ಟಿಲುಗಳು: ಎಮರ್ಜ್, ಅಲರ್ಟ್, ಕ್ರಿಟ್, ಎರರ್, ವಾರ್ನ್, ನೋಟೀಸ್, ಇನ್ಫೋ, ಡಿಬಗ್. ‘ಮನೆ ಹೊತ್ತಿ ಉರಿಯುತ್ತಿದೆ’ ಎಂಬುದು ಮೊದಲ ಮೆಟ್ಟಿಲು. ‘ಈಗ ಎಡಗಾಲು ಎತ್ತಿದೆ, ಈಗ ಬಲಗಾಲು’ ಎಂಬುದು ಕೊನೆಯದು. 1980ರ ದಶಕದಲ್ಲಿ ಎರಿಕ್ ಆಲ್‌ಮನ್ ತಮ್ಮ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಜತೆಗೆ ರೂಪಿಸಿದ ‘ಸಿಸ್‌ಲಾಗ್’ನಿಂದ ಬಂದ ಪದ್ಧತಿ ಇದು. ನೀವು ಒಂದು ಮೆಟ್ಟಿಲನ್ನು ಆರಿಸಿದರೆ ಅದೂ ಅದಕ್ಕಿಂತ ಗಂಭೀರವಾದವೂ ದಾಖಲಾಗುತ್ತವೆ, ಉಳಿದದ್ದು ಬಿಟ್ಟುಹೋಗುತ್ತದೆ. ನೀವೇನೂ ಹೇಳದಿದ್ದರೆ ಅಪಾಚೆ ‘ವಾರ್ನ್’ ಎಂದಿಟ್ಟುಕೊಳ್ಳುತ್ತದೆ. ದಿನನಿತ್ಯಕ್ಕೆ ಅದು ಸಾಕು. ಡಿಬಗ್‌ಗಿಂತಲೂ ಕೆಳಗೆ ‘ಟ್ರೇಸ್ 1’ರಿಂದ ‘ಟ್ರೇಸ್ 8’ರವರೆಗೆ ಇನ್ನೂ ಎಂಟು ಮೆಟ್ಟಿಲುಗಳನ್ನು ಆಮೇಲೆ ಸೇರಿಸಿದ್ದಾರೆ. ಅವು ನೆಲಮಾಳಿಗೆ. ಅಲ್ಲಿಗೆ ಇಳಿಯಬೇಕಾದ ಸಂದರ್ಭ ಬಹಳ ಕಡಿಮೆ.

ನಾನು ಇಳಿದಿದ್ದೆ. ಮೂರು ವಾರಗಳ ಹಿಂದೆ ಕೆಲವು ಕಂಪ್ಯೂಟರುಗಳಿಂದ ಚಿತ್ರಗಳು ಸರ್ವರಿಗೆ ಹೋಗುತ್ತಿರಲಿಲ್ಲ. ಕಾರಣ ಹುಡುಕಲು ಲಾಗ್‌ಲೆವೆಲ್ಲನ್ನು ‘ಟ್ರೇಸ್ 8’ ಮಾಡಿ, ಬಂದುಹೋಗುವ ದತ್ತಾಂಶವನ್ನೆಲ್ಲ ಲಾಗ್‌ಗೆ ಸುರಿಯುವ ‘ಡಂಪ್‌ಐಓ’ ಎಂಬ ಘಟಕವನ್ನೂ ಚಾಲೂ ಮಾಡಿದ್ದೆ. ಕೊನೆಗೆ ನೋಡಿದರೆ ದೋಷವಿದ್ದದ್ದು ಒಂದು ಸಡಿಲ ವೈರಿನಲ್ಲಿ! ವೈರು ಸರಿಪಡಿಸಿ ಖುಷಿಯಾಗಿ ಮನೆಗೆ ಹೋದೆ. ಲಾಗ್‌ಲೆವೆಲ್ಲನ್ನು ಮೊದಲಿನಂತೆ ಮಾಡುವುದು ಮರೆತೇಹೋಯಿತು.

ಸೋಮವಾರ ಆ ತಂದೆಯ ಎದುರಿಗೇ ಲಾಗ್ ತೆರೆದೆ. ಆಕ್ಸೆಸ್ ಲಾಗ್ ಶುಕ್ರವಾರ ಮಧ್ಯಾಹ್ನ 3 ಗಂಟೆ 52 ನಿಮಿಷಕ್ಕೆ, ಒಂದು ಸಾಲಿನ ನಡುವೆ, ಪದ ಪೂರ್ತಿಯಾಗುವ ಮೊದಲೇ ತುಂಡಾಗಿತ್ತು. ಆಮೇಲೆ ಏನೂ ಇಲ್ಲ. 40 ಗಿಗಾಬೈಟಿನ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಎರರ್ ಲಾಗ್ ಒಂದೇ ನುಂಗಿತ್ತು. ಎಲ್ಲವನ್ನೂ ಬರೆಯಹೊರಟ ಪುಸ್ತಕ ತಾನೇ ಮನೆ ತುಂಬಿ, ನಿಜಕ್ಕೂ ಬರೆಯಬೇಕಾದ ಗಳಿಗೆಯಲ್ಲಿ ಮೌನವಾಗಿತ್ತು. ಹುಡುಗಿ ಕಳಿಸಿದ್ದು 4 ಗಂಟೆ 6 ನಿಮಿಷಕ್ಕೆ. ಖಾಲಿ ಫೈಲಿನ ಮೇಲೆ ಆ ವೇಳೆ ಇತ್ತು. ಡಿಸ್ಕ್ ಭರ್ತಿಯಾದಾಗಲೂ ಫೈಲಿನ ಹೆಸರನ್ನು ಪಟ್ಟಿಯಲ್ಲಿ ಬರೆಯಲು ಚೂರು ಜಾಗ ಸಿಗಬಹುದು, ಒಳಗಿನ ವಿಷಯಕ್ಕೆ ಮಾತ್ರ ಸಿಗುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಯ ಪ್ರೋಗ್ರಾಮೋ, ಬರೆದದ್ದು ಉಳಿಯಿತೇ ಎಂದು ನೋಡದೆಯೇ ‘ಧನ್ಯವಾದ’ ಹೇಳಿಬಿಡುತ್ತಿತ್ತು. ಆ ಹೊತ್ತಿನ ನಂತರ ಸಲ್ಲಿಸಿದವಳು ಅವಳೊಬ್ಬಳೇ.

ತರಗತಿಗೆ ಹೋಗಿ, ಗದರಿಸಿದ ಜಾಗದಲ್ಲೇ ನಿಂತು, ತಪ್ಪು ನನ್ನದೆಂದು ಹೇಳಿದೆ.

ಆಮೇಲೆ ರಿಪೇರಿ. ಆ ದೈತ್ಯ ಫೈಲನ್ನು ಅಳಿಸಿದೆ. ಡಿಸ್ಕ್ ಮಾತ್ರ ಭರ್ತಿಯಾಗಿಯೇ ಇತ್ತು! ಲಿನಕ್ಸಿನಲ್ಲಿ ಒಂದು ತಂತ್ರಾಂಶ ತೆರೆದು ಹಿಡಿದಿರುವ ಫೈಲನ್ನು ಅಳಿಸಿದರೆ ಹೆಸರು ಹೋಗುತ್ತದೆ, ಜಾಗ ಬಿಡುಗಡೆಯಾಗುವುದಿಲ್ಲ. ಅಪಾಚೆಯನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದ ಮೇಲೆಯೇ ಜಾಗ ಬಂತು. ಲಾಗ್‌ಗಳಿಗೆ ಪ್ರತ್ಯೇಕ ಪಾರ್ಟಿಷನ್ ಕೊಟ್ಟೆವು, ಅದು ತುಂಬಿದರೂ ಮಕ್ಕಳ ಕೆಲಸ ಕೆಡದ ಹಾಗೆ. ಅಪಾಚೆಯ ಜತೆಗೇ ಬರುವ ‘ರೊಟೇಟ್‌ಲಾಗ್ಸ್’ ಎಂಬ ಪುಟ್ಟ ಸಾಧನಕ್ಕೆ 86400 ಎಂದು ಹೇಳಿದರೆ, ಅಷ್ಟು ಸೆಕೆಂಡಿಗೊಮ್ಮೆ, ಅಂದರೆ ದಿನಕ್ಕೊಂದು ಹೊಸ ಫೈಲು ಶುರುವಾಗುತ್ತದೆ. ಹಳೆಯವನ್ನು ಕುಗ್ಗಿಸಿಡುವ, ಅವಧಿ ಮುಗಿದದ್ದನ್ನು ಅಳಿಸುವ ಏರ್ಪಾಟು ಬೇರೆ ಮಾಡಬೇಕು.

ಎಷ್ಟು ದಿನ ಇಡಬೇಕು? ನಮ್ಮಂಥವರಿಗೆ ಒಂದು ಪರೀಕ್ಷೆಯ ಫಲಿತಾಂಶ ಬಂದು ತಕರಾರು ಮುಗಿಯುವವರೆಗೆ. ದೊಡ್ಡವರಿಗೆ ನಿಯಮವೇ ಇದೆ: ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವೆ ಒದಗಿಸುವವರು, ಕಂಪೆನಿಗಳು, ಸರ್ಕಾರಿ ಕಚೇರಿಗಳು ಲಾಗ್‌ಗಳನ್ನು 180 ದಿನ ಕಾದಿಡಬೇಕು. ಗಡಿಯಾರಗಳನ್ನು ಸರಿಯಾದ ಸಮಯಕ್ಕೆ ಹೊಂದಿಸಿಡಬೇಕೆಂದೂ ಅದರಲ್ಲಿದೆ. ಸುಮ್ಮನೆ ಹೇಳಿದ್ದಲ್ಲ ಅದು. ನಮ್ಮ ಯಂತ್ರದ ಗಡಿಯಾರ ಒಂದು ತಾಸು ತಪ್ಪಿದ್ದರೆ ಆ 3:52ಕ್ಕೂ 4:06ಕ್ಕೂ ಏನರ್ಥ ಉಳಿಯುತ್ತಿತ್ತು?

ಬರೆಯಬಾರದ್ದನ್ನು ಬರೆಯದಿರುವುದೂ ಮುಖ್ಯ. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆ, ಬಳಕೆದಾರರ ಪಾಸ್‌ವರ್ಡ್‌ಗಳು ಗೂಢಲಿಪಿಗೆ ತಿರುಗುವ ಮೊದಲೇ ತನ್ನ ಒಳಗಿನ ಲಾಗ್ ಒಂದರಲ್ಲಿ ಇದ್ದಂತೆಯೇ ದಾಖಲಾಗಿಬಿಟ್ಟಿದ್ದವೆಂದು ಪ್ರಕಟಿಸಿ, ಬದಲಿಸಿಕೊಳ್ಳಿರೆಂದು ಕೋರಿತು. ನನ್ನ ‘ಡಂಪ್‌ಐಓ’ದಿಂದಲೂ ಮಕ್ಕಳ ಪಾಸ್‌ವರ್ಡ್‌ಗಳು ಆ ಫೈಲಿಗೆ ಬಿದ್ದಿದ್ದವೆಂಬುದು ಅಳಿಸುವ ಮುಂಚೆ ಕಣ್ಣಿಗೆ ಬಿತ್ತು. ಅಂದೇ ಎಲ್ಲರಿಂದಲೂ ಪಾಸ್‌ವರ್ಡ್ ಬದಲಾಯಿಸಿಸಿದೆ.

ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಶಾಲೆ ಬಿಡುವವರೆಗೂ ಸೋಮವಾರಗಳಂದು ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ನೋಡುವ ಕೆಲಸ ಅವಳದಾಗಿತ್ತು. ಒಮ್ಮೆ ಕೇಳಿದಳು: ‘ಸಾರ್, ನೀವು ಲೆವೆಲ್ ಬದಲಾಯಿಸಿದ್ದನ್ನು ಎಲ್ಲಿ ಬರೆದಿಟ್ಟಿದ್ರಿ?’

ಎಲ್ಲೂ ಬರೆದಿರಲಿಲ್ಲ. ಸರ್ವರಿನ ಪಕ್ಕದ ಮೊಳೆಗೆ ಈಗ ನೂರು ಪುಟದ ನೋಟ್‌ಬುಕ್ಕೊಂದನ್ನು ದಾರ ಕಟ್ಟಿ ತೂಗುಹಾಕಿದ್ದೇವೆ. ತಾರೀಖು, ಮಾಡಿದ ಬದಲಾವಣೆ, ಕಾರಣ, ಸಹಿ. ಮೊದಲ ಪುಟದ ಮೊದಲ ಸಾಲು ನನ್ನದು: ‘ಲಾಗ್‌ಲೆವೆಲ್ ವಾರ್ನ್‌ಗೆ ಇಳಿಸಲಾಗಿದೆ.’ ‘ಇಳಿಸಲಾಗಿದೆ ಅಲ್ಲ, ಏರಿಸಲಾಗಿದೆ ಸಾರ್, ಮೆಟ್ಟಿಲು ಮೇಲಕ್ಕಲ್ಲವಾ?’ ಎಂದು ಅವಳು ಕೆಂಪು ಶಾಯಿಯಲ್ಲಿ ತಿದ್ದಿದ್ದು ಇನ್ನೂ ಹಾಗೆಯೇ ಇದೆ.